ಬಾರ್ ಸಿಬ್ಬಂದಿಗೆ ಲೈಂಗಿಕ ದೌರ್ಜನ್ಯ ತಡೆಯುವ ತರಬೇತಿ: ಕಾಸರಗೋಡಿನ ಹೋಟೆಲಿನವರಿಗೆ ಕೈಪಿಡಿ

ಮೇಜಿನಿಂದ ಮೇಜಿಗೆ ಟ್ರೇ ಹಿಡಿದು ನಡೆಯುವ ಸಪ್ಲೈಯರ್‌ಗೆ ಕಾಣುವಷ್ಟು ಸಿಸಿಟಿವಿಗೂ ಕಾಣುವುದಿಲ್ಲ. ಯಾರ ಗ್ಲಾಸಿಗೆ ಯಾರು ಎಷ್ಟು ಸುರಿಯುತ್ತಿದ್ದಾರೆ, ಯಾರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು, ಯಾರ ನಗು ಅರ್ಧಕ್ಕೇ ನಿಂತಿತು, ಎಲ್ಲವೂ ಅವರ ಕಣ್ಣಿಗೆ ಬೀಳುತ್ತದೆ. ಆದರೆ ಕಂಡ ಮೇಲೆ ಏನು ಮಾಡಬೇಕು ಎಂದು ಅವರಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ. ಏನಾದರೂ ಮಾಡಹೋಗಿ ಗಿರಾಕಿ ಗಲಾಟೆ ಎಬ್ಬಿಸಿದರೆ ತನ್ನ ಕೆಲಸ ಉಳಿಯುತ್ತದೆ ಎಂಬ ಧೈರ್ಯವೂ ಇರುವುದಿಲ್ಲ. ತರಬೇತಿಯಲ್ಲಿ ಕೊಡಬೇಕಾದದ್ದು ಈ ಎರಡನ್ನು. ಧೈರ್ಯ ಕೊಡದೆ ಬರೇ ಉಪಾಯ ಹೇಳಿಕೊಟ್ಟರೆ ಒಂದು ವಾರದೊಳಗೆ ಎಲ್ಲರೂ ಮೊದಲಿನಂತೆ ತಲೆ ತಗ್ಗಿಸಿ ಟ್ರೇ ಎತ್ತುತ್ತಾರೆ.

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು ಪೇಟೆ, ಬೇಕಲ, ಕಾಞಂಗಾಡು ಕಡೆಯ ಬಾರ್ ಹೋಟೆಲು, ರೆಸಾರ್ಟು, ಬಿಯರ್ ಪಾರ್ಲರ್ ನಡೆಸುವವರನ್ನೂ ಅಲ್ಲಿನ ಮ್ಯಾನೇಜರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ.

ಮೊದಲು ಮಾಲಕರು ಬಾಯಿ ಬಿಡಬೇಕು

ತರಬೇತಿಯ ದಿನ ನಿಗದಿ ಮಾಡುವ ಮೊದಲೇ ಮಾಲಕರು ಮೂರು ಮಾತನ್ನು ಬರೆದು ಸಹಿ ಹಾಕಿ ಸ್ಟಾಫ್ ರೂಮಿನಲ್ಲಿ ಅಂಟಿಸಬೇಕು, ಎಲ್ಲರೆದುರು ಓದಿಯೂ ಹೇಳಬೇಕು. ಒಂದು, ಯಾವ ಸಪ್ಲೈಯರ್ ಆಗಲಿ ಒಂದು ಮೇಜಿಗೆ ಮದ್ಯ ನಿಲ್ಲಿಸಿದರೆ ಮ್ಯಾನೇಜರ್ ಗಿರಾಕಿಯ ಎದುರಿಗೆ ಆ ತೀರ್ಮಾನವನ್ನು ತಿರುಗಿಸುವುದಿಲ್ಲ. ತಕರಾರಿದ್ದರೆ ಆಮೇಲೆ ಒಳಗೆ ಮಾತಾಡಿಕೊಳ್ಳುತ್ತಾರೆ. ಎರಡು, ಹೀಗೆ ಹೊರಗೆ ಕಳುಹಿಸಿದ ಗಿರಾಕಿ ಬಿಲ್ ಕೊಡದೆ ಹೋದರೆ ಆ ಹಣವನ್ನು ಸಪ್ಲೈಯರ್ ಸಂಬಳದಲ್ಲಿ ಹಿಡಿಯುವುದಿಲ್ಲ. ಮೂರು, ಈ ನಿಯಮ ದಿನಾ ಬರುವ ಗಿರಾಕಿಗೂ, ಮಾಲಕರ ಸ್ನೇಹಿತರಿಗೂ, ಊರಿನ ದೊಡ್ಡವರಿಗೂ ಒಂದೇ.

ಈ ಎರಡನೆಯ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಬಾಕಿ ಬಿಲ್ಲನ್ನು ಮೇಜು ನೋಡಿಕೊಂಡವನ ತಲೆಗೆ ಕಟ್ಟುವ ಪದ್ಧತಿ ಇರುವ ಕಡೆ ಯಾವ ಹುಡುಗನೂ ಎರಡು ಸಾವಿರದ ಬಿಲ್ ಕೂತಿರುವ ಮೇಜಿನ ತಂಟೆಗೆ ಹೋಗುವುದಿಲ್ಲ. ಅವನು ಹೆದರುಪುಕ್ಕನೆಂದು ಬೈದು ಫಲವಿಲ್ಲ. ಅವನ ಲೆಕ್ಕ ಸರಿಯಾಗಿಯೇ ಇದೆ. ಬದಲಾಯಿಸಬೇಕಾದದ್ದು ಆ ಲೆಕ್ಕವನ್ನು.

ಯಾರನ್ನೆಲ್ಲ ಕೂರಿಸಬೇಕು

ಕೇರಳದಲ್ಲಿ ಬಾರ್ ಲೈಸೆನ್ಸ್ ಸಿಗುವುದು ಮೂರು ಸ್ಟಾರ್ ಮತ್ತು ಅದಕ್ಕಿಂತ ಮೇಲಿನ ಹೋಟೆಲುಗಳಿಗೆ. ಹಾಗಾಗಿ ಒಂದೇ ಕಾಂಪೌಂಡಿನೊಳಗೆ ಬಾರ್ ಹಾಲ್, ಫ್ಯಾಮಿಲಿ ರೆಸ್ಟೋರೆಂಟ್, ಮದುವೆ ಹಾಲ್, ಮೇಲೆ ಲಾಡ್ಜಿಂಗ್, ಕೆಳಗೆ ಪಾರ್ಕಿಂಗ್ ಇರುತ್ತವೆ. ನಮ್ಮ ಜಿಲ್ಲೆಯಲ್ಲಿ ಬಾರ್ ಹಾಲಿನೊಳಗೆ ಕೂರುವ ಹೆಂಗಸರು ಕಡಿಮೆ. ಅದನ್ನೇ ನೆಪ ಮಾಡಿ ‘ನಮ್ಮಲ್ಲಿ ಈ ಸಮಸ್ಯೆಯೇ ಇಲ್ಲ’ ಎನ್ನುವವರು ಬೇಕಾದಷ್ಟು. ಫ್ಯಾಮಿಲಿ ರೂಮಿನಲ್ಲಿ, ರೆಸಾರ್ಟಿನ ಹುಲ್ಲುಹಾಸಿನಲ್ಲಿ, ಮದುವೆ ಪಾರ್ಟಿಯಲ್ಲಿ ಹೆಂಗಸರಿರುತ್ತಾರೆ. ರಿಸೆಪ್ಷನ್ನಿನಲ್ಲಿ ನಿಂತಿರುವವರು, ಕೋಣೆ ಗುಡಿಸಲು ಹೋಗುವವರು, ಪಾತ್ರೆ ತೊಳೆಯುವವರು ಹೆಂಗಸರು. ಅಸ್ಸಾಂ, ಒಡಿಶಾ, ಬಂಗಾಳದಿಂದ ಬಂದು ಸ್ಟಾಫ್ ಕ್ವಾರ್ಟರ್ಸಿನಲ್ಲಿ ಮಲಗುವ ಹದಿನೆಂಟು ಹತ್ತೊಂಬತ್ತರ ಹುಡುಗರೂ ಇದ್ದಾರೆ. ಅವರ ಮೇಲಾಗುವ ದೌರ್ಜನ್ಯದ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ.

ಆದ್ದರಿಂದ ಸಪ್ಲೈಯರುಗಳು, ಕೌಂಟರಿನವರು, ಕ್ಯಾಷಿಯರ್ ಇಷ್ಟೇ ಸಾಲದು. ರಿಸೆಪ್ಷನ್, ರೂಮ್ ಬಾಯ್, ಹೌಸ್‌ಕೀಪಿಂಗ್, ಅಡುಗೆಮನೆ, ಸೆಕ್ಯೂರಿಟಿ, ಪಾರ್ಕಿಂಗ್ ನೋಡಿಕೊಳ್ಳುವವರು, ರಾತ್ರಿ ಕಾವಲುಗಾರ, ಎಲ್ಲರೂ ಬೇಕು. ರಾತ್ರಿ ಕಾವಲುಗಾರನನ್ನು ಬಿಡುವುದು ಎಲ್ಲೆಡೆ ಕಾಣುವ ತಪ್ಪು. ಹನ್ನೊಂದಕ್ಕೆ ಬಾರ್ ಮುಚ್ಚಿದ ಮೇಲೆ ಗೇಟಿನ ಬಳಿ ಏನಾಗುತ್ತದೆ ಎಂದು ನೋಡುವವನು ಅವನೊಬ್ಬನೇ.

ದಿನ, ಹೊತ್ತು, ಭಾಷೆ

ತಿಂಗಳ 1ನೇ ತಾರೀಕು ಕೇರಳದಲ್ಲಿ ಡ್ರೈ ಡೇ. ಬಾರ್ ಬಂದ್ ಇರುವ ಆ ಬೆಳಗ್ಗೆ ಎಲ್ಲರೂ ಒಟ್ಟಿಗೆ ಸಿಗುತ್ತಾರೆ. ಆದರೆ ಹೆಚ್ಚಿನವರಿಗೆ ಅದು ತಿಂಗಳಿಗೊಮ್ಮೆ ಸಿಗುವ ರಜೆ. ರಜೆ ಕಿತ್ತುಕೊಂಡು ಕಲಿಸಿದ್ದು ತಲೆಗೆ ಹತ್ತುವುದಿಲ್ಲ. ಆ ಅರ್ಧ ದಿನದ ಕೂಲಿ ಬೇರೆಯಾಗಿ ಕೊಡಿ, ಮಧ್ಯಾಹ್ನದ ಊಟ ಹಾಕಿ. ಡ್ರೈ ಡೇ ಆಗದಿದ್ದರೆ ಬಾರ್ ತೆರೆಯುವ ಮೊದಲು, ಬೆಳಗ್ಗೆ ಎಂಟೂವರೆಯಿಂದ ಹತ್ತರವರೆಗೆ.

ಒಂದೂವರೆ ಗಂಟೆಯ ಎರಡು ಪಾಠ, ನಡುವೆ ಒಂದು ವಾರದ ಅಂತರ. ಒಂದೇ ದಿನ ಮೂರು ಗಂಟೆ ಕೂರಿಸಿದರೆ ಎರಡನೇ ಅರ್ಧದಲ್ಲಿ ತೂಕಡಿಸುತ್ತಾರೆ, ರಾತ್ರಿ ಒಂದು ಗಂಟೆಗೆ ಮಲಗಿದವರು ಅವರು. ವಾರದ ಅಂತರದಿಂದ ಇನ್ನೊಂದು ಲಾಭವೂ ಉಂಟು: ಮೊದಲ ಪಾಠದಲ್ಲಿ ಹೇಳಿದ್ದನ್ನು ಅವರು ಡ್ಯೂಟಿಯಲ್ಲಿ ನೋಡಿ, ಎರಡನೆಯದಕ್ಕೆ ಪ್ರಶ್ನೆ ಹಿಡಿದುಕೊಂಡು ಬರುತ್ತಾರೆ. ಒಂದು ತಂಡದಲ್ಲಿ ಹನ್ನೆರಡರಿಂದ ಹದಿನೈದು ಜನ ಸಾಕು.

ಭಾಷೆಯ ವಿಷಯದಲ್ಲಿ ಸೋಮಾರಿತನ ಬೇಡ. ನಮ್ಮ ಕಡೆಯ ಒಂದು ಹೋಟೆಲಿನಲ್ಲಿ ಮ್ಯಾನೇಜರ್ ಮಲಯಾಳಿ, ಕ್ಯಾಷಿಯರ್ ಕನ್ನಡದವರು, ಕೌಂಟರಿನವರು ತುಳು, ಹೌಸ್‌ಕೀಪಿಂಗಿನವರು ಹಿಂದಿಯೋ ಬಂಗಾಳಿಯೋ ಮಾತಾಡುವವರು ಎಂದರೆ ಅದರಲ್ಲಿ ವಿಶೇಷವೇನಿಲ್ಲ. ಮಾತು ಕನ್ನಡ ಅಥವಾ ಮಲಯಾಳದಲ್ಲಿ ನಡೆಯಲಿ, ಆದರೆ ಹೊರರಾಜ್ಯದವರಿಗೆ ಹಿಂದಿಯಲ್ಲಿ ತಿಳಿಹೇಳುವ ಒಬ್ಬರನ್ನು ಪಕ್ಕದಲ್ಲೇ ಕೂರಿಸಿ. ಅವರಿಗೆ ಅರ್ಥವಾಯಿತೇ ಎಂದು ಕೇಳಬೇಡಿ, ತಲೆ ಅಲ್ಲಾಡಿಸುತ್ತಾರೆ ಅಷ್ಟೆ. ‘ಈಗ ನೀನು ಏನು ಮಾಡುತ್ತಿ, ತೋರಿಸು’ ಎನ್ನಿ.

ಮೊದಲ ಪಾಠ: ಕಣ್ಣು

ಲೈಂಗಿಕ ದೌರ್ಜನ್ಯ ಎಂದ ಕೂಡಲೇ ಎಲ್ಲರ ತಲೆಗೆ ಬರುವುದು ಪೇಪರಿನಲ್ಲಿ ಓದಿದ ದೊಡ್ಡ ಸುದ್ದಿ. ಬಾರಿನಲ್ಲಿ ನಡೆಯುವುದು ಬಹುಪಾಲು ಅದಕ್ಕಿಂತ ಬಹಳ ಮೊದಲಿನ ಮೆಟ್ಟಿಲುಗಳಲ್ಲಿ. ಬೇರೆ ಮೇಜಿನವರ ಕಡೆ ಬಿಡದೆ ದಿಟ್ಟಿಸುವುದು. ಕೇಳದೆ ಕುರ್ಚಿ ಎಳೆದು ಕೂರುವುದು. ‘ಬೇಡ’ ಎಂದ ಮೇಲೂ ಗ್ಲಾಸು ಕಳುಹಿಸುವುದು. ಭುಜಕ್ಕೆ, ಬೆನ್ನಿಗೆ ಕೈ. ವಾಶ್‌ರೂಮಿಗೆ ಹೋದವರ ಹಿಂದೆಯೇ ಎದ್ದು ಹೋಗುವುದು. ಫೋನ್ ಮೇಜಿನ ಮೇಲಿಟ್ಟು ಕ್ಯಾಮೆರಾ ಆನ್ ಮಾಡುವುದು. ಜತೆಗೆ ಬಂದ ಸ್ನೇಹಿತರನ್ನು ‘ನೀವು ಹೊರಡಿ, ನಾನು ಬಿಡ್ತೇನೆ’ ಎಂದು ಒಬ್ಬೊಬ್ಬರನ್ನಾಗಿ ಕಳಚಿಹಾಕುವುದು. ಸಿಬ್ಬಂದಿ ಕೈ ಹಾಕಬೇಕಾದದ್ದು ಈ ಮೆಟ್ಟಿಲುಗಳಲ್ಲಿ. ಆಗ ಒಂದು ಸಣ್ಣ ಮಾತು, ಒಂದು ನೀರಿನ ಬಾಟಲಿ ಸಾಕಾಗುತ್ತದೆ. ಮೇಲಕ್ಕೆ ಹೋದಷ್ಟೂ ಕೆಲಸ ಕಷ್ಟ, ಅಪಾಯ ಹೆಚ್ಚು.

‘ಪಾಪ, ಕುಡಿದಿದ್ದಾನೆ, ಗೊತ್ತಾಗದೆ ಮಾಡಿದ’ ಎಂಬ ಮಾತು ಪ್ರತಿ ತಂಡದಲ್ಲೂ ಬರುತ್ತದೆ. ಅದಕ್ಕೆ ಉತ್ತರ ಇಟ್ಟುಕೊಂಡಿರಿ. ಕೆನಡಾದ ಟೊರೊಂಟೊ ನಗರದ ಬಾರುಗಳಲ್ಲಿ ಸಂಶೋಧಕರು ಕೂತು ನೋಡಿ ಬರೆದು, 2014ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಬೇರೆಯೇ: ಮೇಲೆ ಬೀಳುವವನು ಎಷ್ಟು ಕುಡಿದಿದ್ದ ಎಂಬುದಕ್ಕೂ ಅವನ ವರ್ತನೆಯ ತೀವ್ರತೆಗೂ ನಂಟು ಕಾಣಲಿಲ್ಲ, ಎದುರಿದ್ದ ಹೆಂಗಸು ಎಷ್ಟು ಕುಡಿದಿದ್ದಳು ಎಂಬುದಕ್ಕೆ ನಂಟಿತ್ತು. ಅಂದರೆ ಅವನು ನಿಲ್ಲಲಾಗದವರನ್ನು ಆರಿಸಿಕೊಳ್ಳುತ್ತಾನೆ. ಹಾಗಾಗಿ ಹಾಲಿನಲ್ಲಿ ಅತಿ ಹೆಚ್ಚು ಕುಡಿದಿರುವ ಹೆಂಗಸು ಎಲ್ಲಿದ್ದಾಳೆ, ಅವಳ ಸುತ್ತ ಯಾರಿದ್ದಾರೆ ಎಂಬ ಲೆಕ್ಕ ಸಪ್ಲೈಯರುಗಳ ಮೇಲೆ ಕಣ್ಣಿಡುವ ಫ್ಲೋರ್ ಕ್ಯಾಪ್ಟನ್ ತಲೆಯಲ್ಲಿ ಸದಾ ಇರಬೇಕು.

ಗ್ಲಾಸಿನ ಲೆಕ್ಕವನ್ನೂ ಇಲ್ಲೇ ಕಲಿಸಿ. ಅಂಕಿ ಕೊಟ್ಟರೆ ಕೌಂಟರಿನವರಿಗೆ ಬೇಗ ಮನದಟ್ಟಾಗುತ್ತದೆ. 42.8 ಪ್ರತಿಶತದ ವಿಸ್ಕಿ, ಬ್ರಾಂದಿ, ರಮ್ಮಿನ 30 ಮಿಲಿ ಸ್ಮಾಲ್ ಎಂದರೆ ಸುಮಾರು 10 ಗ್ರಾಂ ಆಲ್ಕೋಹಾಲ್. 60ರ ಲಾರ್ಜ್‌ನಲ್ಲಿ 20 ಗ್ರಾಂ. 650 ಮಿಲಿಯ ಒಂದು ಬಾಟಲಿ ಬಿಯರ್ 5 ಪ್ರತಿಶತದ್ದಾದರೆ 26 ಗ್ರಾಂ, 8 ಪ್ರತಿಶತದ ಸ್ಟ್ರಾಂಗ್ ಆದರೆ 41 ಗ್ರಾಂ. ‘ಅವಳು ಬಿಯರ್ ತಾನೇ ಕುಡಿದದ್ದು’ ಎನ್ನುವಾಗ ಆ ಒಂದು ಸ್ಟ್ರಾಂಗ್ ಬಾಟಲಿಯಲ್ಲಿ ನಾಲ್ಕು ಸ್ಮಾಲ್ ಇದೆ ಎಂಬುದು ನೆನಪಿರಲಿ. ದೇಹ ಗಂಟೆಗೆ ಕರಗಿಸುವುದು ಹೆಚ್ಚುಕಡಿಮೆ ಒಂದು ಸ್ಮಾಲಿನಷ್ಟನ್ನು ಮಾತ್ರ. ಲಿಂಬೆ ಶರಬತ್ತು, ಮಜ್ಜಿಗೆ, ಕಾಫಿ, ತಣ್ಣೀರಿನ ಸ್ನಾನ ಯಾವುದೂ ಅದನ್ನು ಬೇಗ ಮಾಡುವುದಿಲ್ಲ.

ಗ್ಲಾಸಿಗೆ ಔಷಧ ಹಾಕುವುದರ ಬಗ್ಗೆ ಎಲ್ಲರಿಗೂ ಭಯವಿದೆ, ಇರಬೇಕಾದದ್ದೇ. ಆದರೆ ದಿನನಿತ್ಯ ಬಳಕೆಯಾಗುವ ಔಷಧ ಮದ್ಯವೇ. ‘ಅವಳಿಗೆ ಸ್ಮಾಲ್ ಅಂತ ಹೇಳಿ ಲಾರ್ಜ್ ಹಾಕು’, ‘ಕೋಕ್ ಜತೆ ಸ್ವಲ್ಪ ವೋಡ್ಕಾ ಸೇರಿಸು, ಗೊತ್ತಾಗಬಾರದು’ ಎಂಬ ಆರ್ಡರ್ ಬಂದರೆ ಕೌಂಟರಿನಿಂದ ಒಂದೇ ಉತ್ತರ: ಆಗುವುದಿಲ್ಲ. ಕುಡಿಯುವವರಿಗೆ ತಿಳಿಯದೆ ಏನನ್ನೂ ಸೇರಿಸಬಾರದು, ಪೆಗ್ ಮೆಷರ್ ಬಿಟ್ಟು ಸುರಿಯಬಾರದು. ಹಾಗೆ ಕೇಳಿದವನ ಮೇಜಿನ ಮೇಲೆ ಅಂದು ರಾತ್ರಿಯಿಡೀ ಕಣ್ಣಿರಬೇಕು. ಕೆಡುಕಿನ ಉದ್ದೇಶದಿಂದ ಮತ್ತು ಬರಿಸುವ ಪದಾರ್ಥ ಕುಡಿಸುವುದು ಅಪರಾಧ, ಶಿಕ್ಷೆಗಳ ಕಾನೂನಾದ ಭಾರತೀಯ ನ್ಯಾಯ ಸಂಹಿತೆಯ 123ನೇ ಕಲಮಿನಡಿ ಹತ್ತು ವರ್ಷದವರೆಗೆ ಶಿಕ್ಷೆಯಾಗುವ ಅಪರಾಧ. ಗ್ಲಾಸು ತಯಾರಿಸಿದ ಕೈ ಯಾರದು ಎಂದು ಪೊಲೀಸರು ಕೇಳಿಯೇ ಕೇಳುತ್ತಾರೆ.

ಕುಡಿದ ಪ್ರಮಾಣಕ್ಕೂ ಮತ್ತಿಗೂ ತಾಳೆಯಾಗದಿದ್ದರೆ, ಒಂದು ಸ್ಮಾಲಿಗೇ ಕಣ್ಣು ತೇಲಿ ಮಾತು ತೊದಲಿದರೆ ಔಷಧದ ಸಂಶಯ ಬರಲಿ. ಆ ಗ್ಲಾಸನ್ನು ತೊಳೆಯಲು ಕೊಡಬೇಡಿ. ಉಳಿದ ದ್ರವದ ಸಮೇತ ಬಾಯಿ ಮುಚ್ಚಿ, ಹೊತ್ತು ಮತ್ತು ಮೇಜಿನ ನಂಬ್ರ ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿ. ಕೆಲವು ಔಷಧಗಳ ಕುರುಹು ಮೂತ್ರದಲ್ಲಿ ಹನ್ನೆರಡು ಗಂಟೆಯಷ್ಟೇ ಉಳಿಯುತ್ತದೆ. ಆಸ್ಪತ್ರೆಗೆ ‘ನಾಳೆ ಬೆಳಗ್ಗೆ’ ಎಂದರೆ ತಡವಾಗಬಹುದು.

ಇಲ್ಲಿ ಎಡವಬಾರದು: ಪೊಲೀಸ್‌ಗಿರಿ

ನಮ್ಮ ಕರಾವಳಿಯಲ್ಲಿ ಈ ತರಬೇತಿ ಅತ್ಯಂತ ಸುಲಭವಾಗಿ ಹಾಳಾಗುವುದು ಇಲ್ಲಿ. ‘ಹೆಂಗಸರನ್ನು ಕಾಪಾಡಿ’ ಎಂದು ಹೇಳಿ ಕಳುಹಿಸಿದರೆ ಕೆಲವರು ಅದನ್ನು ‘ಯಾವ ಹುಡುಗಿ ಯಾವ ಹುಡುಗನ ಜತೆ ಕೂತಿದ್ದಾಳೆ ಎಂದು ನೋಡಿ’ ಎಂದು ಕೇಳಿಸಿಕೊಳ್ಳುತ್ತಾರೆ. ಹೆಸರು ಕೇಳಿ ಜಾತಿ ಧರ್ಮ ಅಳೆಯುವುದು, ಮದುವೆಯಾಗಿದೆಯೇ ಎಂದು ಕೇಳುವುದು, ಫೋಟೊ ತೆಗೆದು ಯಾವುದೋ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು, ಹೊರಗಿನ ಹುಡುಗರನ್ನು ಕರೆಸುವುದು. ಇದು ದೌರ್ಜನ್ಯ ತಡೆಯುವ ಕೆಲಸವಲ್ಲ. ಇದೇ ಒಂದು ದೌರ್ಜನ್ಯ, ಅಪರಾಧವೂ ಹೌದು.

ಇದನ್ನು ಅಂದಾಜಿಗೆ ಬಿಡದೆ ನಿಯಮವಾಗಿ ಹೇಳಿ. ಸಿಬ್ಬಂದಿ ನೋಡಬೇಕಾದದ್ದು ವರ್ತನೆಯನ್ನು: ಒಬ್ಬರು ಬೇಡವೆಂದದ್ದನ್ನು ಇನ್ನೊಬ್ಬರು ಮುಂದುವರಿಸುತ್ತಿದ್ದಾರೆಯೇ? ತೀರ್ಮಾನ ತೆಗೆದುಕೊಳ್ಳಲಾಗದ ಸ್ಥಿತಿಯಲ್ಲಿ ಯಾರಾದರೂ ಇದ್ದಾರೆಯೇ? ಈ ಎರಡಕ್ಕೂ ‘ಇಲ್ಲ’ ಎಂದಾದರೆ ಆ ಮೇಜಿನಲ್ಲಿ ಯಾರಿದ್ದರೂ ನಮ್ಮ ಕೆಲಸ ಊಟ ಬಡಿಸುವುದು. ಇಬ್ಬರು ಖುಷಿಯಲ್ಲಿ ಕೈಹಿಡಿದು ಕೂತಿದ್ದರೆ ಅವರ ಪಾಡಿಗೆ ಬಿಡಿ. ಗಂಡ ಹೆಂಡತಿಯೇ ಆಗಿದ್ದು ಹೆಂಡತಿ ಕೈ ಬಿಡಿಸಿಕೊಳ್ಳಲು ಹೆಣಗುತ್ತಿದ್ದರೆ ಹತ್ತಿರ ಹೋಗಿ. ಗಿರಾಕಿಯ ಮನೆಯವರಿಗೆ ನಮ್ಮಷ್ಟಕ್ಕೆ ನಾವೇ ಫೋನ್ ಮಾಡುವಂತಿಲ್ಲ. ಯಾರಿಗೆ ಫೋನ್ ಮಾಡಲಿ ಎಂದು ಅವಳನ್ನೇ ಕೇಳಬೇಕು. ಗಿರಾಕಿಯ ಫೋಟೊ ತೆಗೆದವರಿಗೆ ಕೆಲಸವಿಲ್ಲ ಎಂಬುದನ್ನು ಮಾಲಕರ ಕಾಗದದಲ್ಲಿ ನಾಲ್ಕನೇ ಸಾಲಾಗಿ ಸೇರಿಸಿದರೂ ತಪ್ಪಿಲ್ಲ.

ಕೇರಳದಲ್ಲಿ ಮದ್ಯ ಕೊಡಬಹುದಾದ ಕನಿಷ್ಠ ವಯಸ್ಸು 23. ಅದಕ್ಕಿಂತ ಚಿಕ್ಕವಳೊಬ್ಬಳು ಯಾರೋ ತರಿಸಿಕೊಟ್ಟದ್ದನ್ನು ಕುಡಿದು ತೊಂದರೆಯಲ್ಲಿ ಸಿಕ್ಕಿದರೆ, ‘ನೀನು ಕುಡಿದದ್ದೇ ತಪ್ಪು’ ಎಂಬ ಮಾತು ಯಾರ ಬಾಯಿಂದಲೂ ಬರಕೂಡದು. ಅವಳು ಸಹಾಯ ಕೇಳದಿರಲು ಆ ಒಂದು ಭಯವೇ ಸಾಕು.

ಎರಡನೇ ಪಾಠ: ನಡುವೆ ಹೋಗುವುದು

ನಡುವೆ ಹೋಗಲು ನಾಲ್ಕು ದಾರಿ ಕಲಿಸಿ. ಮೊದಲನೆಯದು ಗಮನ ಬೇರೆಡೆಗೆ ಎಳೆಯುವುದು. ಹತ್ತರಲ್ಲಿ ಎಂಟು ಸಲ ಮೊದಲು ಕೈ ಹಾಕಬೇಕಾದದ್ದು ಇದಕ್ಕೇ. ಮೇಜು ಒರೆಸಲು ಹೋಗಿ, ನಿಧಾನವಾಗಿ ಒರೆಸಿ. ಟಚಿಂಗ್ಸ್ (ಕುಡಿಯುವಾಗ ನಂಜಿಕೊಳ್ಳುವ ತಿಂಡಿ) ಬಟ್ಟಲು ಬದಲಾಯಿಸಿ. ಅವನಿಗೆ: ‘ಸಾರ್, ನಿಮ್ಮ ಗಾಡಿ ಸ್ವಲ್ಪ ತೆಗೀಬೇಕಿತ್ತು, ಹಿಂದಿನವರಿಗೆ ಹೋಗ್ಲಿಕ್ಕೆ ಆಗ್ತಾ ಇಲ್ಲ.’ ಅಥವಾ ‘ಸಾರ್, ಬಿಲ್‌ನಲ್ಲಿ ಒಂದು ಐಟಂ ಕೇಳಬೇಕಂತೆ, ಕೌಂಟರಿಗೆ ಒಂದು ನಿಮಿಷ.’ ಅವನು ಎದ್ದು ಹೋದ ಆ ಎರಡು ನಿಮಿಷ ಅವಳ ಜತೆ ಮಾತಾಡಲು ಸಿಗುತ್ತದೆ.

ಆಗ ಕೇಳುವ ಪ್ರಶ್ನೆ ಚಿಕ್ಕದಾಗಿರಬೇಕು. ‘ಅಕ್ಕ, ಎಲ್ಲ ಸರಿ ಉಂಟಲ್ವಾ?’ ಮಲಯಾಳಿಗಳಾದರೆ ‘ಚೇಚಿ, ಎಲ್ಲಾಂ ಓಕೆ ಅಲ್ಲೇ?’ ತುಳುವಿನವರಿಗೆ ‘ಅಕ್ಕ, ಪೂರಾ ಸರಿ ಉಂಡಾ?’ ರೆಸಾರ್ಟಿಗೆ ಬಂದ ಹೊರಗಿನವರಿಗೆ ‘ಮೇಡಂ, ಏನಾದ್ರೂ ಸಹಾಯ ಬೇಕಾ?’ ಇಷ್ಟೇ. ‘ಅವನು ನಿಮಗೆ ಯಾರು?’ ಎಂದು ಕೇಳಬೇಡಿ, ಅದು ವಿಚಾರಣೆಯಾಗುತ್ತದೆ. ಅವನ ಎದುರಿಗೇ ಕೇಳಬೇಡಿ. ಎದುರಿಗೆ ಕೇಳಿದರೆ ಹೆಚ್ಚಿನವರು ‘ಏನಿಲ್ಲ’ ಎನ್ನುತ್ತಾರೆ, ಆಮೇಲೆ ಹೊರಗೆ ಅದಕ್ಕೆ ಅವಳು ಬೆಲೆ ತೆರಬೇಕಾಗುತ್ತದೆ. ‘ಏನಿಲ್ಲ’ ಎಂದರೆ ಒಪ್ಪಿಕೊಳ್ಳಿ, ‘ಬೇಕಾದ್ರೆ ನಾನು ಇಲ್ಲೇ ಕೌಂಟರ್ ಹತ್ತಿರ ಇದ್ದೇನೆ’ ಎಂದು ಹೇಳಿ ಬನ್ನಿ. ಆ ಮೇಲೆ ಹತ್ತು ನಿಮಿಷಕ್ಕೊಮ್ಮೆ ಅತ್ತ ಸುಳಿಯಿರಿ.

ಎರಡನೆಯದು ಇನ್ನೊಬ್ಬರಿಗೆ ವಹಿಸುವುದು: ಕ್ಯಾಪ್ಟನ್, ಮ್ಯಾನೇಜರ್, ಸೆಕ್ಯೂರಿಟಿ, ಅವಳ ಜತೆ ಬಂದ ಗೆಳತಿ. ಹೊಸಬರಿಗೆ, ಹೊರರಾಜ್ಯದ ಹುಡುಗರಿಗೆ ಇದೇ ಮೊದಲ ದಾರಿ. ‘ಸಾರ್, ಏಳನೇ ಟೇಬಲ್ ಸ್ವಲ್ಪ ನೋಡಿ’ ಎಂದರೆ ಸಾಕು, ವಿವರಣೆ ಆಮೇಲೆ. ಇದನ್ನು ಕೇಳಿದ ಮ್ಯಾನೇಜರ್ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡಬೇಕು. ಒಮ್ಮೆ ‘ಆಮೇಲೆ ನೋಡುವ’ ಎಂದರೆ ಆ ಹುಡುಗ ಇನ್ನು ಹೇಳುವುದಿಲ್ಲ.

ಮೂರನೆಯದು ನೇರವಾಗಿ ಹೇಳುವುದು. ಇಬ್ಬರು ಹೋಗಬೇಕು, ಕೈ ಕಾಣುವಂತೆ, ಒಂದು ತೋಳಿನಷ್ಟು ದೂರದಲ್ಲಿ, ಬದಿಗೆ ನಿಂತು. ದನಿ ತಗ್ಗಿಸಿ: ‘ಅಣ್ಣ, ಅವರಿಗೆ ಇಷ್ಟ ಇಲ್ಲ. ನಿಮ್ಮ ಟೇಬಲಿಗೆ ಬನ್ನಿ.’ ವಾದಕ್ಕೆ ಇಳಿಯಬೇಡಿ, ಅದೇ ಮಾತನ್ನು ಎರಡನೇ ಸಲ ಹೇಳಿ. ಮೂರನೇ ಸಲಕ್ಕೆ ಮದ್ಯ ನಿಲ್ಲಿಸಿ ಬಿಲ್ ಇಡಿ: ‘ಇವತ್ತಿಗೆ ಸಾಕು ಸಾರ್.’ ಮೈಮುಟ್ಟುವುದು, ಕಾಲರ್ ಹಿಡಿಯುವುದು, ನಾಲ್ಕು ಜನರೆದುರು ಮರ್ಯಾದೆ ತೆಗೆಯುವುದು ಬೇಡ. ಅವಮಾನವಾದವನು ಹೊರಗೆ ಕಾದು ನಿಲ್ಲುತ್ತಾನೆ, ಅವನು ಕಾಯುವುದು ಸಪ್ಲೈಯರನ್ನಲ್ಲ, ಅವಳನ್ನು. ಇಬ್ಬರನ್ನೂ ಒಟ್ಟಿಗೆ ಹೊರಗೆ ಕಳುಹಿಸಿ ಕೈತೊಳೆದುಕೊಳ್ಳುವುದು ಅತಿ ದೊಡ್ಡ ತಪ್ಪು. ಅವನು ಮೊದಲು ಹೋಗಲಿ. ಅವನ ಗಾಡಿ ಗೇಟು ದಾಟಿತು ಎಂದು ಕಾವಲುಗಾರ ಹೇಳಿದ ಮೇಲೆ, ಕನಿಷ್ಠ ಕಾಲು ಗಂಟೆ ಬಿಟ್ಟು, ಅವಳು ಹೊರಡಲಿ.

ನಾಲ್ಕನೆಯದು, ಘಟನೆ ಕೈಮೀರಿ ನಡೆದುಹೋಗಿದ್ದರೆ, ಆಮೇಲೆ ಅವಳ ಬಳಿ ಹೋಗುವುದು. ‘ನಾನು ನೋಡಿದೆ. ಅದು ಸರಿಯಲ್ಲ. ನಿಮಗೆ ಏನು ಬೇಕು ಹೇಳಿ.’

ಲಿಫ್ಟಿನ ಬಾಗಿಲು

ಲಾಡ್ಜಿಂಗ್ ಇರುವ ಹೋಟೆಲಿನಲ್ಲಿ ಅತ್ಯಂತ ಅಪಾಯದ ಕ್ಷಣ ಬಾರ್ ಹಾಲಿನದಲ್ಲ. ನಿಲ್ಲಲಾಗದ ಹೆಂಗಸೊಬ್ಬಳನ್ನು ತೋಳು ಹಿಡಿದು ಲಿಫ್ಟಿನ ಕಡೆ ನಡೆಸಿಕೊಂಡು ಹೋಗುವಾಗ ರಿಸೆಪ್ಷನ್ನಿನವರು ಕೀಲಿ ಕೊಡುವುದು, ಅದು. ಮತ್ತಿನಲ್ಲಿ ಏನು ನಡೆಯುತ್ತಿದೆ ಎಂದು ತಿಳಿಯಲಾಗದವಳು ‘ಹೂಂ’ ಎಂದರೂ ಅದು ಒಪ್ಪಿಗೆಯಲ್ಲ. ನ್ಯಾಯ ಸಂಹಿತೆಯ 63ನೇ ಕಲಮು ಇದನ್ನು ಬಿಡಿಸಿಯೇ ಹೇಳಿದೆ.

ರಿಸೆಪ್ಷನ್ನಿಗೆ ಕೊಡಬೇಕಾದ ಕ್ರಮ ಹೀಗೆ. ಕೋಣೆ ಅವಳ ಹೆಸರಿನಲ್ಲಿದೆಯೇ ನೋಡಿ. ಇದ್ದರೆ ಹೆಣ್ಣು ಸಿಬ್ಬಂದಿಯೊಬ್ಬರು ಅವಳನ್ನು ಕೋಣೆಗೆ ಮುಟ್ಟಿಸಲಿ, ಜತೆಗಿದ್ದವನು ಕೆಳಗೇ ಇರಲಿ. ಅವಳಿಗೆ ಇಲ್ಲಿ ಕೋಣೆಯೇ ಇಲ್ಲದಿದ್ದರೆ ಮೇಲೆ ಕಳುಹಿಸಬೇಡಿ. ‘ಗುರುತಿನ ಚೀಟಿ ಇಬ್ಬರದೂ ಬೇಕು ಸಾರ್, ಮೇಡಂ ಸ್ವಲ್ಪ ಹೊತ್ತು ಸೋಫಾದಲ್ಲಿ ಕೂರಲಿ’ ಎಂದು ಹೊತ್ತು ತೆಗೆದುಕೊಳ್ಳಿ, ಅಷ್ಟರಲ್ಲಿ ಮ್ಯಾನೇಜರನ್ನು ಕರೆಯಿರಿ. ಜತೆಗಿದ್ದವನಿಗೆ ಅವಳ ಪೂರ್ತಿ ಹೆಸರು, ಊರು ತಿಳಿದಿದೆಯೇ? ತಿಳಿಯದಿದ್ದರೆ ಇನ್ನು ಮಾತು ಬೇಡ.

ಎಚ್ಚರ ತಪ್ಪಿದವರನ್ನು ಎಡ ಅಥವಾ ಬಲ ಮಗ್ಗುಲಿಗೆ ಹೊರಳಿಸಿ, ಮೇಲಿನ ಮೊಣಕಾಲು ಮಡಚಿ, ಗಲ್ಲ ಸ್ವಲ್ಪ ಮೇಲಕ್ಕೆತ್ತಿ ಮಲಗಿಸಿ. ಅಂಗಾತ ಮಲಗಿಸಿದರೆ ವಾಂತಿ ಉಸಿರುಗೊಳವೆಗೆ ಹೋಗಿ ಪ್ರಾಣಕ್ಕೇ ಕುತ್ತು. ಎಬ್ಬಿಸಿದರೆ ಏಳದಿದ್ದರೆ, ಉಸಿರು ನಿಮಿಷಕ್ಕೆ ಎಂಟಕ್ಕಿಂತ ಇಳಿದರೆ, ತುಟಿ ನೀಲಿಯಾದರೆ ಕೂಡಲೇ 108. ವಾಂತಿ ಮಾಡಿಸಲು ಬಾಯಿಗೆ ಬೆರಳು ಹಾಕಬೇಡಿ. ಒಬ್ಬರು ಪಕ್ಕದಲ್ಲೇ ಇರಬೇಕು.

ಗುಪ್ತ ಮಾತು, ಮನೆಗೆ ದಾರಿ

ಇಂಗ್ಲೆಂಡಿನ ಲಿಂಕನ್‌ಶೈರಿನಲ್ಲಿ 2016ರಲ್ಲಿ ಒಂದು ಉಪಾಯ ಶುರುವಾಯಿತು. ತೊಂದರೆಯಲ್ಲಿರುವವರು ಕೌಂಟರಿಗೆ ಬಂದು ‘ಏಂಜೆಲಾ ಇದ್ದಾರಾ?’ ಎಂದು ಕೇಳಿದರೆ ಸಿಬ್ಬಂದಿ ಗದ್ದಲವಿಲ್ಲದೆ ಅವರನ್ನು ಹೊರಗೆ ಮುಟ್ಟಿಸುತ್ತಾರೆ. ಬೇರೆ ದೇಶಗಳಿಗೂ ಇದು ಹಬ್ಬಿತು. ಸೋತದ್ದು ಎಲ್ಲಿ ಎಂದರೆ, ಪೋಸ್ಟರ್ ಅಂಟಿಸಿ ಸಿಬ್ಬಂದಿಗೆ ಹೇಳದೆ ಬಿಟ್ಟ ಕಡೆ. ಕೇಳಿದವಳಿಗೆ ‘ಆ ಹೆಸರಿನವರು ಇಲ್ಲಿ ಯಾರೂ ಇಲ್ಲ’ ಎಂಬ ಉತ್ತರ ಸಿಕ್ಕಿತು. ನಿಮ್ಮಲ್ಲಿ ಇಂಥದ್ದು ಮಾಡುವುದಾದರೆ ಹೆಂಗಸರ ವಾಶ್‌ರೂಮಿನ ಬಾಗಿಲ ಒಳಬದಿಯಲ್ಲಿ ಕನ್ನಡ, ಮಲಯಾಳ, ಇಂಗ್ಲಿಷ್, ಹಿಂದಿಯಲ್ಲಿ ಚೀಟಿ ಅಂಟಿಸಿ: ‘ತೊಂದರೆ ಇದೆಯೇ? ಈ ನಂಬ್ರಕ್ಕೆ ಮಿಸ್ಡ್ ಕಾಲ್ ಕೊಡಿ, ನಮ್ಮ ಹೆಣ್ಣು ಸಿಬ್ಬಂದಿ ಬರುತ್ತಾರೆ.’ ನಮ್ಮಲ್ಲಿ ಹೆಂಗಸೊಬ್ಬಳು ಬಾರ್ ಕೌಂಟರಿನವರೆಗೆ ಒಬ್ಬಳೇ ನಡೆದು ಬರುವುದಕ್ಕಿಂತ ಇದು ಸುಲಭ. ಆ ಫೋನ್ ಯಾರ ಕೈಯಲ್ಲಿದೆ ಎಂದು ಪ್ರತಿ ಶಿಫ್ಟಿನಲ್ಲೂ ಗೊತ್ತಿರಬೇಕು, ಅದಕ್ಕೆ ಚಾರ್ಜ್ ಇರಬೇಕು.

ರಾತ್ರಿ ಹತ್ತು ದಾಟಿದರೆ ಬದಿಯಡ್ಕ, ಮುಳ್ಳೇರಿಯ, ಪೆರ್ಲದಂಥ ಒಳಗಿನ ಊರುಗಳಿಗೆ ಬಸ್ಸು ಸಿಗುವುದು ಕಷ್ಟ. ನಾಲ್ಕೈದು ಗುರುತಿನ ಆಟೋದವರ ಪಟ್ಟಿ ರಿಸೆಪ್ಷನ್ನಿನಲ್ಲಿರಲಿ, ಅವರನ್ನೂ ಒಮ್ಮೆ ಪಾಠಕ್ಕೆ ಕರೆಯಿರಿ. ಹತ್ತಿಸುವಾಗ ಗಾಡಿ ನಂಬ್ರವನ್ನು ಅವಳ ಎದುರಿಗೇ ಬರೆದುಕೊಳ್ಳಿ, ಅವಳಿಗೂ ಬರೆದುಕೊಡಿ.

ಆಡಿಸಿ ತೋರಿಸುವುದು

ಎರಡನೇ ಪಾಠದ ಅರ್ಧದಷ್ಟು ಹೊತ್ತು ಆಟಕ್ಕೇ ಬೇಕು. ಬಾರ್ ಹಾಲಿನಲ್ಲೇ, ನಿಜವಾದ ಮೇಜು, ನಿಜವಾದ ಟ್ರೇ, ಗ್ಲಾಸಿನಲ್ಲಿ ಮದ್ಯದ ಬದಲು ಹಾಲು ಹಾಕದ ಕಟ್ಟಾ ಚಹಾ. ಗಿರಾಕಿಯ ಪಾತ್ರ ಮ್ಯಾನೇಜರ್ ಮಾಡಲಿ. ಮೇಲಿನವರಿಗೆ ‘ಸಾಕು ಸಾರ್’ ಎಂದು ಹೇಳುವ ಅಭ್ಯಾಸವೇ ಇಲ್ಲಿ ಬೇಕಾಗಿರುವುದು. ಹೆಂಗಸಿನ ಪಾತ್ರವನ್ನು ಹೆಣ್ಣು ಸಿಬ್ಬಂದಿಯಿಂದ ಮಾಡಿಸಬೇಡಿ, ಮುಜುಗರವಾಗುತ್ತದೆ. ಪಾಠ ಮಾಡುವವರೇ ಕೂರಲಿ, ಯಾರೂ ಮುಟ್ಟುವ ಅಭಿನಯ ಬೇಡ. ಒಂದೊಂದು ದೃಶ್ಯ ಮೂರು ನಿಮಿಷ, ಮಾತು ಐದು ನಿಮಿಷ. ನಗು ಬರುತ್ತದೆ, ಬರಲಿ. ಹೆಂಗಸರನ್ನು ಆಡಿಕೊಳ್ಳುವ ನಗುವಾದರೆ ಅಲ್ಲೇ ನಿಲ್ಲಿಸಿ, ಮುಂದಿನ ದೃಶ್ಯ ಅವನಿಗೇ ಕೊಡಿ.

ಪ್ರತಿಯೊಬ್ಬರೂ ‘ಎಲ್ಲ ಸರಿ ಉಂಟಲ್ವಾ?’, ‘ಇವತ್ತಿಗೆ ಸಾಕು ಸಾರ್’ ಎಂಬಂಥ ಒಂದೊಂದು ವಾಕ್ಯವನ್ನು ತಮ್ಮ ಮಾತೃಭಾಷೆಯಲ್ಲಿ ಬಾಯಿಬಿಟ್ಟು ಹೇಳದೆ ಹೊರಡಬಾರದು. ಮನಸ್ಸಿನಲ್ಲಿ ಇರುವುದು ಗದ್ದಲದ ರಾತ್ರಿಯಲ್ಲಿ ಬಾಯಿಗೆ ಬರುವುದಿಲ್ಲ.

ನಡೆದುಹೋಗಿದ್ದರೆ

ಅವಳನ್ನು ಮೊದಲು ಒಂದು ಕೋಣೆಯಲ್ಲಿ ಕೂರಿಸಿ, ಹೆಣ್ಣು ಸಿಬ್ಬಂದಿಯೊಬ್ಬರು ಜತೆಗಿರಲಿ. ನಂಬಿ. ‘ಯಾಕೆ ಹೋದೆ, ಎಷ್ಟು ಕುಡಿದೆ’ ಎಂದು ಕೇಳಬೇಡಿ. ಒಬ್ಬರಿಗೆ ಹೇಳಿದ ಮೇಲೆ ಇನ್ನೊಬ್ಬರಿಗೆ ಮತ್ತೆ ಹೇಳಿಸಬೇಡಿ. ಆಸ್ಪತ್ರೆಗೆ ಹೋಗುವ ಮೊದಲು ಸ್ನಾನ ಮಾಡದಿದ್ದರೆ, ಬಟ್ಟೆ ಬದಲಿಸದಿದ್ದರೆ ಒಳ್ಳೆಯದು. ಬದಲಿಸಿದ್ದರೆ ಆ ಬಟ್ಟೆಯನ್ನು ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ಕಿನಲ್ಲಿ ತೇವ ಕೂತು ಸಾಕ್ಷ್ಯ ಕೆಡುತ್ತದೆ. ಗರ್ಭ ತಡೆಯುವ ಮಾತ್ರೆ, ಎಚ್‌ಐವಿ ತಡೆಯುವ ಔಷಧ ಎರಡೂ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಉತ್ತಮ. ಸರಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಉಚಿತವಾಗಿ ಚಿಕಿತ್ಸೆ ಕೊಡಲೇಬೇಕೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ದೂರು, ತನಿಖೆ, ವಿಚಾರಣೆಯ ಕ್ರಮ ಹೇಳುವ ಕಾನೂನು) 397ನೇ ಕಲಮು ಹೇಳುತ್ತದೆ. ಪೊಲೀಸರಿಗೆ ತಿಳಿಸುವುದೂ ಆಸ್ಪತ್ರೆಯ ಕರ್ತವ್ಯ. ಅದನ್ನು ಅವಳಿಗೆ ಮೊದಲೇ ಹೇಳಿ. ದೂರು ಕೊಡಬೇಕೇ ಬೇಡವೇ ಎಂಬುದು ವಯಸ್ಕಳಾದ ಅವಳ ತೀರ್ಮಾನ. ಹದಿನೆಂಟಕ್ಕಿಂತ ಚಿಕ್ಕವರಾದರೆ, ಹುಡುಗನಾಗಲಿ ಹುಡುಗಿಯಾಗಲಿ, ಆಯ್ಕೆಯಿಲ್ಲ: ಮಕ್ಕಳನ್ನು ಲೈಂಗಿಕ ಅಪರಾಧದಿಂದ ಕಾಪಾಡುವ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದೆ ಮುಚ್ಚಿಟ್ಟವರಿಗೇ ಶಿಕ್ಷೆಯುಂಟು.

ಗಡಿ ಜಿಲ್ಲೆಯಾದ್ದರಿಂದ ಒಂದು ವಿಷಯ ಎಲ್ಲರೂ ತಿಳಿದಿರಬೇಕು. ಘಟನೆ ಉಪ್ಪಳದಲ್ಲಿ ನಡೆದು, ಅವಳು ತಲಪಾಡಿ ದಾಟಿ ಮಂಗಳೂರಿನ ಮನೆಗೋ ಆಸ್ಪತ್ರೆಗೋ ಹೋಗಿದ್ದರೆ ಅಲ್ಲಿನ ಠಾಣೆಯಲ್ಲೇ ದೂರು ಕೊಡಬಹುದು. ಸುರಕ್ಷಾ ಸಂಹಿತೆಯ 173ನೇ ಕಲಮಿನಂತೆ ‘ನಮ್ಮ ವ್ಯಾಪ್ತಿಗೆ ಬರುವುದಿಲ್ಲ, ಕೇರಳಕ್ಕೆ ಹೋಗಿ’ ಎಂದು ಅವಳನ್ನು ಹಿಂದೆ ಕಳುಹಿಸುವಂತಿಲ್ಲ. ಫೋನಿನ ಪಕ್ಕ ದೊಡ್ಡ ಅಕ್ಷರದಲ್ಲಿ ಬರೆದಿಡಿ: ತುರ್ತಿಗೆ 112, ಹೆಂಗಸರ ಸುರಕ್ಷೆಗಿರುವ ಕೇರಳದ ಪಿಂಕ್ ಪೊಲೀಸ್ 1515, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಜತೆಗೆ ಹತ್ತಿರದ ಠಾಣೆಯ ನಂಬ್ರ. ಕರೆ ಮಾಡಿದವರು ಮೊದಲು ಹೇಳಬೇಕಾದದ್ದು ಹೋಟೆಲಿನ ಹೆಸರು, ಊರು, ಜಿಲ್ಲೆ.

ಸಿಸಿಟಿವಿ ದೃಶ್ಯ ಅದನ್ನು ದಾಖಲಿಸುವ ಡಿವಿಆರ್ ಪೆಟ್ಟಿಗೆಯಲ್ಲಿ ಕೆಲವೇ ವಾರ ಉಳಿದು ತಾನಾಗಿ ಅಳಿದುಹೋಗುತ್ತದೆ. ಅಂದೇ ರಾತ್ರಿ ಪೆನ್‌ಡ್ರೈವಿಗೆ ಇಳಿಸಿ, ಡಿವಿಆರ್ ಗಡಿಯಾರ ಎಷ್ಟು ನಿಮಿಷ ಹಿಂದೆ ಮುಂದೆ ಇದೆ ಎಂದು ಬರೆದಿಟ್ಟು, ಬೀಗ ಹಾಕಿ. ಯಾರ ಫೋನಿಗೂ ಅದು ಹೋಗಬಾರದು. ಅತ್ಯಾಚಾರದಂಥ ಪ್ರಕರಣದಲ್ಲಿ ಸಂತ್ರಸ್ತೆಯ ಗುರುತು ಬಯಲು ಮಾಡಿದರೆ ಎರಡು ವರ್ಷದವರೆಗೆ ಜೈಲು, ನ್ಯಾಯ ಸಂಹಿತೆಯ 72ನೇ ಕಲಮು.

ಕೈ ಹಾಕಿದವನು ನಮ್ಮವನೇ ಆದರೆ

ಸಿಬ್ಬಂದಿ ಬಾಯಿ ಬಿಡದೆ ಕೂರುವ ಭಾಗ ಇದು, ಆದರೂ ತಪ್ಪಿಸಬೇಡಿ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ, ಕೆಲಸದ ಜಾಗದಲ್ಲಿ ಹೆಂಗಸರ ಮೇಲಾಗುವ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ, ಇಂಥ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು. ಅಧ್ಯಕ್ಷೆ ಹೆಂಗಸು, ಸದಸ್ಯರಲ್ಲಿ ಕನಿಷ್ಠ ಅರ್ಧ ಹೆಂಗಸರು, ಹೊರಗಿನ ಒಬ್ಬರು. ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡಬೇಕು. ಕೋಣೆ ಗುಡಿಸುವವಳಿಗೆ ಗಿರಾಕಿ ತೊಂದರೆ ಕೊಟ್ಟರೂ ಅವಳ ಬೆನ್ನಿಗೆ ನಿಲ್ಲುವುದು ಮಾಲಕರ ಕರ್ತವ್ಯ ಎಂದು ಅದೇ ಕಾಯ್ದೆ ಹೇಳುತ್ತದೆ. ಗಿರಾಕಿ ಒಳಗಿರುವಾಗ ಹೌಸ್‌ಕೀಪಿಂಗಿನವರು ಒಬ್ಬರೇ ಹೋಗಬಾರದು, ಹೋದರೆ ಸಾಮಾನಿನ ತಳ್ಳುಗಾಡಿಯನ್ನು ಅಡ್ಡ ಇಟ್ಟು ಬಾಗಿಲು ತೆರೆದೇ ಇರಬೇಕು.

ಅಪಾಯ ಎಂಬ ನೆಪದಲ್ಲಿ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳದಿರುವುದು ಪರಿಹಾರವಲ್ಲ. ಮದ್ಯ ಕೊಡುವ ಸ್ಥಳದಲ್ಲಿ ಹೆಂಗಸರು ದುಡಿಯಬಾರದೆಂಬ ಪಂಜಾಬ್ ಅಬಕಾರಿ ಕಾಯ್ದೆಯ ನಿಷೇಧವನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಒಪ್ಪಲಿಲ್ಲ. ಹೆಂಗಸರನ್ನು ದೂರವಿಡುವ ಬದಲು ಜಾಗವನ್ನು ಸುರಕ್ಷಿತ ಮಾಡಿ ಎಂಬುದು ಆ ತೀರ್ಪಿನ ಧಾಟಿ.

ಗೋಡೆ, ದೀಪ, ಪುಸ್ತಕ

ಪಾಠದ ಕೊನೆಗೆ ಎಲ್ಲರನ್ನೂ ಎಬ್ಬಿಸಿ ಕಟ್ಟಡ ಸುತ್ತಿಸಿ. ಹೆಂಗಸರ ವಾಶ್‌ರೂಮಿಗೆ ಬಾರ್ ಹಾಲಿನ ಒಳಗಿನಿಂದಲೇ ಹೋಗಬೇಕೇ? ಚಿಲಕ ಸರಿಯಾಗಿದೆಯೇ? ಆ ಓಣಿಯ ಬಲ್ಬು ಹೋಗಿ ಎಷ್ಟು ದಿನವಾಯಿತು? ಪರದೆ ಹಾಕಿದ ಕ್ಯಾಬಿನ್ನಿನೊಳಗೆ ಕೌಂಟರಿನಿಂದ ಏನು ಕಾಣುತ್ತದೆ? ಪಾರ್ಕಿಂಗಿನ ಯಾವ ಮೂಲೆಗೆ ಬೆಳಕಿಲ್ಲ? ಗುಡಿಸುವವರನ್ನೂ ಕಾವಲುಗಾರನನ್ನೂ ಮೊದಲು ಕೇಳಿ, ಅವರಿಗೆ ಗೊತ್ತಿರುತ್ತದೆ. ದುರಸ್ತಿ ಪಟ್ಟಿಗೆ ತಾರೀಕು ಹಾಕಿ ಮಾಲಕರ ಕೈಗೆ ಕೊಡಿ.

ಕೌಂಟರಿನ ಕೆಳಗೆ ಒಂದು ಪುಸ್ತಕ ಇರಲಿ: ತಾರೀಕು, ಹೊತ್ತು, ಮೇಜು, ಏನು ಕಂಡಿತು, ಯಾರು ಏನು ಮಾಡಿದರು. ಹೆಂಗಸಿನ ಹೆಸರು ಬೇಡ. ಬರೆಯಲು ಬಾರದವರು ಹೇಳಿದ್ದನ್ನು ಕ್ಯಾಷಿಯರ್ ಬರೆಯಲಿ. ತಿಂಗಳಿಗೊಮ್ಮೆ ಅದನ್ನು ಓದಿದರೆ ಒಂದೇ ಮುಖ, ಒಂದೇ ಮೂಲೆ, ಒಂದೇ ಹೊತ್ತು ಮತ್ತೆ ಮತ್ತೆ ಬರುವುದು ಕಾಣುತ್ತದೆ. ಆ ಮುಖಕ್ಕೆ ಗೇಟಿನಲ್ಲೇ ‘ಬೇಡ’ ಹೇಳಬಹುದು. ಎರಡು ತಿಂಗಳು ಪುಸ್ತಕ ಖಾಲಿ ಇದ್ದರೆ ಖುಷಿಪಡಬೇಡಿ, ಬರೆಯಲು ಹೆದರುತ್ತಿದ್ದಾರೆಯೇ ಎಂದು ಕೇಳಿ. ಹುಡುಗರು ಕೆಲಸ ಬಿಡುವುದು, ಹೊಸಬರು ಬರುವುದು ಇಲ್ಲಿ ನಿಲ್ಲದ ವ್ಯವಹಾರ. ಹಾಗಾಗಿ ಹೊಸಬರಿಗೆ ಮೊದಲ ದಿನವೇ ಇಪ್ಪತ್ತು ನಿಮಿಷ, ಎಲ್ಲರಿಗೂ ಮೂರು ತಿಂಗಳಿಗೊಮ್ಮೆ ಮುಕ್ಕಾಲು ಗಂಟೆ, ಆ ಪುಸ್ತಕದಲ್ಲಿ ಬರೆದದ್ದನ್ನೇ ದೃಶ್ಯ ಮಾಡಿ ಆಡಿಸಿ.